ಪಕ್ಕದ ಸೀಟಿನ ಮೇಷ್ಟ್ರು

ಊರಲ್ಲಿ ಕಾರು ಓಡಿಸುವವರ ಪೈಕಿ ಅರ್ಧಕ್ಕರ್ಧ ಜನ ಅವರ ಕೈಯಲ್ಲಿ ಕಲಿತವರೇ. ಅವರ ನಿಜವಾದ ಹೆಸರು ಹೆಂಡತಿಗಾದರೂ ನೆನಪಿತ್ತೋ ಇಲ್ಲವೋ, ಉಳಿದವರಿಗೆಲ್ಲ ಅವರು ಬ್ರೇಕ್ ಮೇಷ್ಟ್ರು. ಆ ಹೆಸರು ಅವರಿಗೆ ಸುಮ್ಮನೆ ಬಂದದ್ದಲ್ಲ.

ಡ್ರೈವಿಂಗ್ ಸ್ಕೂಲಿನ ಕಾರಿನಲ್ಲಿ ಕಲಿಯುವವರ ಕಾಲ ಬುಡದಲ್ಲಿರುವಂತೆ ಪಕ್ಕದ ಸೀಟಿನ ಬುಡದಲ್ಲೂ ಒಂದು ಬ್ರೇಕ್ ಇರುತ್ತದೆ. ಕಲಿಯುವವರು ಎಡವಟ್ಟು ಮಾಡಿದರೆ ಕಲಿಸುವವರು ಅದನ್ನು ಒತ್ತಬೇಕು, ಅಷ್ಟೇ. ಆದರೆ ನಮ್ಮ ಮೇಷ್ಟ್ರು ಎಡವಟ್ಟಾಗಲಿ ಎಂದು ಕಾಯುವ ಪೈಕಿಯಲ್ಲ. ಕಾರು ಸ್ವಲ್ಪ ಚುರುಕಾಯಿತು ಅನ್ನುವುದೇ ತಡ, ಅವರ ಬಲಗಾಲು ಬ್ರೇಕಿನ ಮೇಲೆ ಕೂತುಬಿಡುತ್ತಿತ್ತು. ಬರಬರುತ್ತಾ ಅದು ಎಲ್ಲಿಗೆ ಮುಟ್ಟಿತೆಂದರೆ, ಮನೆಯಲ್ಲಿ ಟಿವಿಯೊಳಗೆ ಯಾರಾದರೂ ಕಾರಿನಲ್ಲಿ ಅಟ್ಟಿಸಿಕೊಂಡು ಹೋದರೆ ಇವರು ಸೋಫಾದಲ್ಲಿ ಕೂತು ನೆಲ ಒತ್ತುತ್ತಿದ್ದರು. ಅವಳಿ ಹೆಣ್ಣುಮಕ್ಕಳು ಬಿದ್ದು ಬಿದ್ದು ನಗುತ್ತಿದ್ದರು.

ಇಂಥವರ ಶಿಷ್ಯರು ಹೇಗಿರುತ್ತಾರೆ ಹೇಳಿ? ಒಬ್ಬೊಬ್ಬರೂ ಬಸವನಹುಳು. ಹಸಿರು ದೀಪ ಕಂಡರೂ ಒಮ್ಮೆ ಯೋಚಿಸಿ ಮುಂದೆ ಹೋಗುವವರು. ಆ ಶಿಷ್ಯರ ಹಿಂದೆ ಸಿಕ್ಕಿಕೊಂಡ ಬಸ್ಸಿನವರು ಮೇಷ್ಟ್ರಿಗೆ ಹಾಕಿದ ಶಾಪ ಒಂದೆರಡಲ್ಲ. ತಮಾಷೆಯೆಂದರೆ, ಮೇಷ್ಟ್ರೇ ಅವರ ಹಿಂದೆ ಸಿಕ್ಕಿಕೊಳ್ಳುತ್ತಿದ್ದರು. ಬೆಳಿಗ್ಗೆ ಕೆಲಸಕ್ಕೆ ಹೊರಟರೆ ಮುಂದೆ ಒಬ್ಬ ಶಿಷ್ಯ, ಹಿಂದೆ ಒಬ್ಬಳು ಶಿಷ್ಯೆ. ಮುಂದಿನವನು ಕನ್ನಡಿಯಲ್ಲಿ ಮೇಷ್ಟ್ರ ಮುಖ ನೋಡಿದನೋ, ಅವರನ್ನು ಮೆಚ್ಚಿಸಲೆಂದು ಇನ್ನೂ ನಿಧಾನ ಮಾಡುತ್ತಿದ್ದ! 'ಹೋಗೋ ಮಾರಾಯ, ನಾನೇನು ಪರೀಕ್ಷೆ ಮಾಡ್ತಿದ್ದೀನಾ' ಎಂದು ಇವರು ಒಳಗೊಳಗೇ ಹಲ್ಲು ಕಡಿಯುತ್ತಿದ್ದರು. ತಾವೇ ಕಟ್ಟಿದ ಗೋಡೆಗೆ ತಾವೇ ತಲೆ ಚಚ್ಚಿಕೊಂಡರೆ ದೂರು ಯಾರ ಮೇಲೆ ಹೇಳುವುದು?

ಹೀಗಿದ್ದಾಗ ಮನೆಯಲ್ಲೇ ಇದ್ದ ಅತ್ತೆಯ, ಅಂದರೆ ಹೆಂಡತಿಯ ತಾಯಿಯ, ಮಂಡಿ ಕೈಕೊಟ್ಟಿತು. ಮನೆಯ ಹಳೆಯ ಪುಟ್ಟ ಕಾರಿನೊಳಗೆ ಬಗ್ಗಿ ಕೂರುವುದು ಅವರಿಂದ ಆಗಲಿಲ್ಲ. ಎತ್ತರದ ಸೀಟಿನ, ಏಳು ಜನ ಕೂರುವ ದೊಡ್ಡ ಗಾಡಿ ತೆಗೆದುಕೊಳ್ಳೋಣ ಎಂದು ಮನೆಯವರೆಲ್ಲ ಸೇರಿ ತೀರ್ಮಾನಿಸಿದರು. ಮೇಷ್ಟ್ರು ಶೋರೂಮಿನಿಂದ ಬಣ್ಣದ ಪುಸ್ತಿಕೆ ತಂದರು. ಅಲ್ಲಿಂದ ಶುರುವಾಯಿತು ನೋಡಿ ಫಜೀತಿ.

ಒಂದೇ ಗಾಡಿಯಲ್ಲಿ ಎರಡು ನಮೂನೆ. ಒಂದು ಸಾದಾ, ಸಂಸಾರಸ್ಥರದು. ಇನ್ನೊಂದು ಪರ್ಫಾರ್ಮೆನ್ಸ್. ಹೊರಗಿನಿಂದ ನೋಡಿದರೆ ಅಕ್ಕತಂಗಿಯರ ಹಾಗೆ ಒಂದೇ ಥರ. ಹಿಂಬದಿಯಲ್ಲಿ ಒಂದು ಸಣ್ಣ ಕೆಂಪು ಗೆರೆ ಬಿಟ್ಟರೆ ವ್ಯತ್ಯಾಸ ಕಾಣುವುದಿಲ್ಲ. ಒಳಗೆ ಮಾತ್ರ ಎಂಜಿನ್ ಬೇರೆ, ಬುಸುಗುಡುವ ಸದ್ದೇ ಬೇರೆ. ಆಕ್ಸಿಲರೇಟರ್ ಮೇಲೆ ಕಾಲಿಟ್ಟರೆ ಬೆನ್ನು ಸೀಟಿಗೆ ಅಂಟಿಕೊಳ್ಳುತ್ತದೆ ಎಂದು ಪುಸ್ತಿಕೆಯಲ್ಲಿ ಬರೆದಿತ್ತು. ಆ ಒಂದು ವಾಕ್ಯವನ್ನು ಮೇಷ್ಟ್ರು ಅದೆಷ್ಟು ಸಲ ಓದಿಕೊಂಡರೋ. ಜೀವಮಾನವೆಲ್ಲ ಬೇರೆಯವರ ಪಕ್ಕ ಕೂತು ಬೇರೆಯವರ ವೇಗಕ್ಕೆ ಅಡ್ಡಗಾಲು ಹಾಕಿದ ಮನುಷ್ಯ. ಒಂದೇ ಒಂದು ಸಲ ಆ ಸ್ಟೀರಿಂಗಿನ ಹಿಂದೆ ಕೂತು, ಕಾಲನ್ನು ಅದರ ಪಾಡಿಗೆ ಬಿಟ್ಟುಬಿಡಬೇಕು ಎಂದು ಅವರಿಗೆ ಎಷ್ಟು ಆಸೆಯಾಯಿತೆಂದರೆ ಊಟ ರುಚಿಸದಾಯಿತು. ಇದನ್ನು ಬಾಯಿಬಿಟ್ಟು ಹೇಳುವುದು ಹೇಗೆ? ಊರಿಗೆಲ್ಲ ನಿಧಾನ ಕಲಿಸಿದವರು!

ಊಟದ ಮೇಜಿನ ಮುಂದೆ ಅವರು ಬೇರೆ ರಾಗ ತೆಗೆದರು.

"ಏರು ದಾರಿ ಬಂತು ಅಂತಿಟ್ಕೊಳ್ಳಿ. ಗಾಡಿ ತುಂಬ ಜನ, ಸಾಮಾನು. ಸಾದಾ ಎಂಜಿನ್ ಏದುಸಿರು ಬಿಡುತ್ತೆ. ಅತ್ತೆ ಬೇರೆ ಕೂತಿರ್ತಾರೆ."

ಅತ್ತೆ ತಟ್ಟೆಯಿಂದ ತಲೆ ಎತ್ತಿದರು. "ಅಲ್ಲ ಅಳಿಯಂದಿರೇ, ನನ್ನೊಬ್ಬಳನ್ನ ಎಳೆಯೋಕೆ ಅಷ್ಟೊಂದು ಕುದುರೆ ಕಟ್ಟಬೇಕಾ? ನಾನೇನು ಬೀರುವಾ?"

ಮಕ್ಕಳು ಕಿಸಕ್ಕೆಂದರು. ಮೇಷ್ಟ್ರ ಹೆಂಡತಿ ನಗಲಿಲ್ಲ. ಆಕೆ ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವವಳು, ದಿನವಿಡೀ ಕೌಂಟರಿನ ಹಿಂದೆ ನಿಂತೇ ಇರುವವಳು. 'ಈ ಮಾತ್ರೆ ನನಗಲ್ಲ, ಸ್ನೇಹಿತರಿಗೆ' ಎನ್ನುವ ಗಿರಾಕಿಯನ್ನು ನೋಡುವ ಹಾಗೆಯೇ ಗಂಡನನ್ನು ನೋಡಿದಳು.

"ನಿಜ ಹೇಳಿ, ಇದು ಯಾರಿಗೆ ಬೇಕು?"

"ಎಲ್ಲರಿಗೂ ಕಣೇ. ಸುರಕ್ಷತೆ ದೃಷ್ಟಿಯಿಂದ..."

"ಸರಿ ಬಿಡಿ. ಭಾನುವಾರ ಹೋಗಿ ಓಡಿಸಿ ನೋಡೋಣ. ಆಮೇಲೆ ಸಾದಾನೋ ಇನ್ನೊಂದೋ, ನೀವು ಹೇಳಿದ್ದೇ ತಗೊಳ್ಳೋಣ."

ಇಬ್ಬರೂ ದುಡಿಯುವ ಮನೆ. ಎರಡರಲ್ಲಿ ಯಾವುದನ್ನಾದರೂ ತರಬಹುದಿತ್ತು. ಹಾಗಾಗಿ ದುಡ್ಡಿನ ನೆವವೂ ಇರಲಿಲ್ಲ. ತೀರ್ಮಾನ ಪೂರ್ತಿ ಮೇಷ್ಟ್ರ ತಲೆಗೇ ಬಂತು.

ಭಾನುವಾರ ಮಕ್ಕಳು ಪರೀಕ್ಷೆಯಿದೆ ಎಂದು ಮನೆಯಲ್ಲಿ ಉಳಿದರು. ಮೇಷ್ಟ್ರು, ಹೆಂಡತಿ, ಅತ್ತೆ ಮೂವರೂ ಶೋರೂಮಿಗೆ ಹೋದರು. ಗಾಜಿನ ಬಾಗಿಲು ತೆರೆದು ಬಂದ ಹುಡುಗಿಯನ್ನು ನೋಡಿ ಮೇಷ್ಟ್ರು ಒಂದು ಹೆಜ್ಜೆ ಹಿಂದಿಟ್ಟರು. ಕಾರು ತೋರಿಸಿ ಮಾರುವ ಆ ಹುಡುಗಿಯೂ ಶಿಷ್ಯೆಯೇ!

"ಅಯ್ಯೋ ಮೇಷ್ಟ್ರೇ, ನೀವಾ! ಸಾದಾ ಗಾಡಿ ತಾನೇ?"

"ಅದನ್ನೂ ನೋಡೋಣ," ಎಂದರು ಮೇಷ್ಟ್ರು, ಗೋಡೆಯ ಕಡೆ ಮುಖ ಮಾಡಿ. "ಮೊದಲು ಆ ಇನ್ನೊಂದು... ಸುಮ್ನೆ, ಹೋಲಿಸಿ ನೋಡೋಕೆ."

ಗಾಡಿ ಅಂಗಳಕ್ಕೆ ಬಂತು. ಹೆಂಡತಿ ತಾಯಿಯನ್ನು ಹಿಂದಿನ ಸೀಟಿಗೆ ಹತ್ತಿಸಿ ತಾನೂ ಪಕ್ಕದಲ್ಲಿ ಕೂತಳು. ಮುಂದಿನ ಎರಡು ಬಾಗಿಲೂ ಒಟ್ಟಿಗೇ ತೆರೆದು ಒಟ್ಟಿಗೇ ಮುಚ್ಚಿದವು. ಬೆಲ್ಟು ಹಾಕಿಕೊಂಡದ್ದಾಯಿತು. ಹುಡುಗಿ ಕನ್ನಡಿ ಸರಿಮಾಡಿಕೊಂಡು, ಎರಡು ಕೈಯಲ್ಲೂ ಸ್ಟೀರಿಂಗ್ ಹಿಡಿದು, "ಹೊರಡ್ಲಾ ಮೇಷ್ಟ್ರೇ?" ಎಂದಳು. ಮೇಷ್ಟ್ರು, "ಹ್ಞೂಂ, ಹಿಂದೆ ನೋಡ್ಕೊಂಡು ನಿಧಾನಕ್ಕೆ," ಎಂದರು.

ಗಾಡಿ ಗೇಟಿನ ತನಕ ಹೋಯಿತು. ಹಿಂದಿನಿಂದ ಅತ್ತೆ ಕೇಳಿದರು, "ಕಾರು ಕೊಳ್ತಿರೋದು ಈ ಹುಡುಗೀನಾ?"

ಆಗ ಇಬ್ಬರಿಗೂ ಎಚ್ಚರವಾಯಿತು. ಹಳೆಯ ರೂಢಿ, ಮೇಷ್ಟ್ರು ಪಕ್ಕದ ಸೀಟಿಗೆ, ಶಿಷ್ಯೆ ಚಾಲಕರ ಸೀಟಿಗೆ, ಯಾರೂ ಹೇಳದೆಯೇ ಹೋಗಿ ಕೂತಿದ್ದರು. ಹುಡುಗಿ ನಾಲಗೆ ಕಚ್ಚಿಕೊಂಡಳು. ಹುಳ್ಳಗೆ ನಗುತ್ತಾ ಇಬ್ಬರೂ ಇಳಿದು ಜಾಗ ಬದಲಾಯಿಸಿಕೊಂಡರು.

ಊರೊಳಗೆ ಮಾಮೂಲಿ ಕಥೆಯೇ. ಮುಂದೆ ಒಬ್ಬ ಶಿಷ್ಯ, ಅವನ ಮುಂದೆ ಇನ್ನೊಬ್ಬ. ಎಂಜಿನ್ನು ಗುರ್ ಎನ್ನುತ್ತಿತ್ತು, ಗಾಡಿ ತೆವಳುತ್ತಿತ್ತು. ಕೊನೆಗೆ ಗೋದಾಮುಗಳ ಸಾಲು ದಾಟಿದ ಮೇಲೆ ರಸ್ತೆ ಅಗಲವಾಯಿತು. ರಜೆಯ ದಿನ, ಲಾರಿಗಳೆಲ್ಲ ಒಳಗೆ. ಕಣ್ಣು ಹಾಯಿಸಿದಷ್ಟು ದೂರ ಒಂದು ನರಪಿಳ್ಳೆಯೂ ಇಲ್ಲ.

"ಇಲ್ಲಿ ಆಕ್ಸಿಲರೇಟರ್ ಒತ್ತಬಹುದು ಮೇಷ್ಟ್ರೇ, ನಾವು ಎಲ್ಲರಿಗೂ ಇಲ್ಲೇ ತೋರ್ಸೋದು," ಎಂದಳು ಹುಡುಗಿ.

ಮೇಷ್ಟ್ರು ಸ್ಟೀರಿಂಗ್ ಗಟ್ಟಿಯಾಗಿ ಹಿಡಿದರು. ಕಾಲು ಒತ್ತಿದರು. ಗಾಡಿ ಚಂಗನೆ ನೆಗೆಯಿತು. ಬೆನ್ನು ಸೀಟಿಗೆ ಅಂಟಿತು ನೋಡಿ, ಪುಸ್ತಿಕೆಯಲ್ಲಿ ಬರೆದಂತೆಯೇ! ಆಹಾ, ಎಂದುಕೊಳ್ಳುವಷ್ಟರಲ್ಲಿ ಗಾಡಿ ಕೀರ್ರೆಂದು ನಿಂತಿತ್ತು. ಅತ್ತೆಯ ಕೈಚೀಲ ಹಾರಿ ಮುಂದೆ ಬಿತ್ತು.

"ಏನಾಯ್ತು? ನಾಯಿ ಬಂತಾ?" ಎಂದರು ಅತ್ತೆ.

ನಾಯಿಯೂ ಇಲ್ಲ, ನರಿಯೂ ಇಲ್ಲ. ಮೇಷ್ಟ್ರು ಬಗ್ಗಿ ನೋಡಿಕೊಂಡರು. ಅವರ ಬಲಗಾಲು ಬ್ರೇಕಿನ ಮೇಲೆ ಕೂತಿತ್ತು. ಅದನ್ನು ಅಲ್ಲಿಗೆ ಅವರು ಕಳಿಸಿರಲಿಲ್ಲ.

ಮತ್ತೆ ಒತ್ತಿದರು. ಮತ್ತೆ ನೆಗೆತ, ಮತ್ತೆ ಕೀರ್. ಈ ಸಲ ಹಲ್ಲು ಕಚ್ಚಿ, 'ಬೇಡ, ಬೇಡ' ಎಂದು ಕಾಲಿಗೇ ಬುದ್ಧಿ ಹೇಳುತ್ತಾ ಇನ್ನೊಮ್ಮೆ ಒತ್ತಿದರು. ಊಹೂಂ. ವೇಗ ಏರಿತೋ ಇಲ್ಲವೋ, ಕಾಲು ತಾನಾಗಿ ಎದ್ದು ಬ್ರೇಕಿಗೆ ಹೋಯಿತು. ತಮ್ಮದೇ ಕಾಲು ತಮ್ಮ ಮಾತು ಕೇಳದೆ ಹೋದಾಗ ಆಗುವ ಅವಮಾನ ಅನುಭವಿಸಿದವರಿಗೇ ಗೊತ್ತು. ರಸ್ತೆ ಖಾಲಿಯಿತ್ತು, ಗಾಡಿ ಸಿದ್ಧವಿತ್ತು, ತಡೆಯುವವರು ಒಬ್ಬರೂ ಇರಲಿಲ್ಲ. ಆದರೂ ಅವರು ಹೋಗಲಾರದೆ ನಿಂತಿದ್ದರು. ಮೇಷ್ಟ್ರಿಗೆ ಅಳು ಬಂದ ಹಾಗಾಯಿತು. ಶಿಷ್ಯೆ ಕಿಟಕಿಯಾಚೆ ನೋಡುತ್ತಾ ಕೂತಿದ್ದಳು.

"ಏಳಿ," ಎಂದಳು ಹೆಂಡತಿ. "ನಾನು ನೋಡ್ತೀನಿ."

"ನೀನಾ? ನೀನು ಕಾರು ಮುಟ್ಟಿ ಯಾವ ಕಾಲ ಆಯ್ತು?"

"ಲೈಸೆನ್ಸ್ ಇದೆಯಲ್ಲ. ನೀವೇ ತಾನೇ ಕಲಿಸಿದ್ದು." ಆಕೆ ಹುಡುಗಿಯ ಕಡೆ ಬಗ್ಗಿ ಕೇಳಿದಳು, "ಈ ಕಾರಲ್ಲಿ ಪಕ್ಕದ ಸೀಟಿಗೆ ಬ್ರೇಕ್ ಇಲ್ಲ ತಾನೇ ಅಮ್ಮಾ?"

"ಇಲ್ಲ ಮೇಡಂ."

"ಸದ್ಯ."

ಹುಡುಗಿ ಹಿಂದಕ್ಕೆ ಹೋಗಿ ಅತ್ತೆಯ ಪಕ್ಕ ಕೂತಳು. ಮೇಷ್ಟ್ರು ಮತ್ತೆ ಪಕ್ಕದ ಸೀಟಿಗೆ ಬಂದರು. ಆಶ್ಚರ್ಯವೆಂದರೆ ಅಲ್ಲಿ ಕೂತ ಕೂಡಲೇ ಅವರ ಸೊಂಟಕ್ಕೆ ಹಾಯೆನಿಸಿತು. ಅದಕ್ಕೇ ಅವರಿಗೆ ತಮ್ಮ ಮೇಲೆ ಇನ್ನಷ್ಟು ಸಿಟ್ಟು ಬಂತು.

ಹೆಂಡತಿ ಕಾಲು ಒತ್ತಿದಳು. ಒತ್ತಿದಳು ಅಂದರೆ ಒತ್ತಿದಳು. ಗೋದಾಮಿನ ಕಡೆಯ ಗೋಡೆ, ಬೇಲಿ, ಕಂಬ ಎಲ್ಲ ಹಿಂದಕ್ಕೆ ಓಡಿದವು. ಮೇಷ್ಟ್ರ ಬಲಗಾಲು ಬಡಬಡನೆ ನೆಲ ಒತ್ತಿತು. ನೆಲ ನೆಲವಾಗಿಯೇ ಇತ್ತು.

"ಅಲ್ಲಿ ಏನೂ ಇಲ್ಲ ರೀ," ಎಂದಳು ಹೆಂಡತಿ, ರಸ್ತೆಯಿಂದ ಕಣ್ಣು ತೆಗೆಯದೆ.

"ನಿಧಾನ, ನಿಧಾನ ಮಾರಾಯ್ತಿ!"

"ಕಲಿಯೋವಾಗ ಒಂದು ದಿನಾನೂ ನನ್ನನ್ನ ಹೋಗೋಕೆ ಬಿಡಲಿಲ್ಲ ನೀವು. ನಾನು ಕಾಲಿಡೋಕೆ ಮುಂಚೆ ನಿಮ್ಮ ಕಾಲು. ಅದಕ್ಕೇ ಸ್ಟೀರಿಂಗ್ ಮುಟ್ಟೋದೇ ಬಿಟ್ಟೆ. ದಿನವೆಲ್ಲ ಆ ಕೌಂಟರ್ ಹಿಂದೆ ನಿಂತ್ಕೊಂಡು, ಬೀದಿಲಿ ಹೋಗೋ ಗಾಡಿಗಳನ್ನ ನೋಡ್ತಾ ಇರ್ತೀನಿ, ಗೊತ್ತಾ ನಿಮಗೆ?"

ಮೇಷ್ಟ್ರಿಗೆ ಗೊತ್ತಿರಲಿಲ್ಲ. ಇಷ್ಟು ವರ್ಷ ಒಂದೇ ಸೂರಿನಡಿ ಇದ್ದೂ ತಮಗೊಬ್ಬರಿಗೇ ಉಸಿರುಕಟ್ಟಿದೆ ಎಂದುಕೊಂಡಿದ್ದರು. ರಸ್ತೆಯ ತುದಿಯಲ್ಲಿ ಆಕೆ ನೀಟಾಗಿ ವೇಗ ಇಳಿಸಿ, ಗಾಡಿ ತಿರುಗಿಸಿ, ಮತ್ತೆ ಒತ್ತಿದಳು. ಹಾಗೇ ಗಟ್ಟಿಯಾಗಿ ನಕ್ಕಳು. ಹಿಂದಿನ ಸೀಟಿನಲ್ಲಿ ಅತ್ತೆ, "ಇನ್ನೊಂದು ಸಲ ಹೋಗೋಣ್ವೇನೇ?" ಎಂದರು.

ಶೋರೂಮಿಗೆ ವಾಪಸಾದ ಮೇಲೆ ಹುಡುಗಿ ಮೇಷ್ಟ್ರ ಮುಂದೆ ನಿಂತಳು. "ಯಾವುದು ಅಂತ ಹೇಳಿ ಮೇಷ್ಟ್ರೇ?"

ಹೆಂಡತಿ ಮಾತು ಕೊಟ್ಟವಳು, ತಾಯಿಗೆ ನೀರು ಕೊಡುವ ನೆಪದಲ್ಲಿ ಆಚೆ ಸರಿದಳು. ಸಾದಾ ಎಂದುಬಿಟ್ಟರೆ ಮುಗಿಯಿತು, ಎಂದು ಮೇಷ್ಟ್ರು ಲೆಕ್ಕ ಹಾಕಿದರು. ಸಾದಾ ಗಾಡಿಯನ್ನು ತಾವು ತಮ್ಮ ನಿಧಾನದಲ್ಲಿ ಓಡಿಸಬಹುದು, ಹೆಂಡತಿ ಹಿಂದೆ ಕೂರುತ್ತಾಳೆ, ಎಲ್ಲವೂ ಮೊದಲಿನ ಹಾಗೇ. ಇನ್ನೊಂದು ತಂದರೆ ಸ್ಟೀರಿಂಗ್ ಅವಳದು. ಮನೆಯ ಕಾರಿನಲ್ಲೂ ತಮಗೆ ಸಾಯುವ ತನಕ ಪಕ್ಕದ ಸೀಟೇ ಗತಿ, ಅದೂ ಬ್ರೇಕಿಲ್ಲದ ಪಕ್ಕದ ಸೀಟು. ಹೊಟ್ಟೆಯುರಿಯಿತು, ಸುಳ್ಳೇಕೆ? ತಾವು ಆಸೆಪಟ್ಟದ್ದು ಹೆಂಡತಿಯ ಪಾಲಾಗುತ್ತದೆ ಎಂದು ಚೆನ್ನಾಗಿಯೇ ಹೊಟ್ಟೆಯುರಿಯಿತು.

ಆದರೆ ಆ ನಗು ಕಿವಿಯಿಂದ ಹೋಗಲೊಲ್ಲದು. ಅಂಥ ನಗುವನ್ನು ಅವರು ಕಾರಿನೊಳಗೆ ಯಾವತ್ತೂ ಕೇಳಿರಲಿಲ್ಲ. ತಮ್ಮ ಬಳಿ ಕಲಿತ ಯಾರೂ ಹಾಗೆ ನಕ್ಕಿರಲಿಲ್ಲ.

"ಅದೇ," ಎಂದರು ಮೇಷ್ಟ್ರು. "ಕೆಂಪು ಗೆರೆಯದು."

ಗಾಡಿ ಬಂದ ದಿನ ಹುಡುಗಿ ಕೀಲಿಯನ್ನು ಮೇಷ್ಟ್ರ ಕೈಗೆ ಕೊಟ್ಟು ಫೋಟೋ ತೆಗೆದಳು. ಫೋಟೋ ಆದ ಮೇಲೆ ಮೇಷ್ಟ್ರು ಕೀಲಿಯನ್ನು ಹೆಂಡತಿಗೆ ಕೊಟ್ಟು, ಗಾಡಿಯನ್ನು ಸುತ್ತಿ ಪಕ್ಕದ ಬಾಗಿಲಿಗೆ ನಡೆದರು. ಅಲ್ಲಿಗೆ ಹೋಗಿ ಎಂದು ಯಾರೂ ಹೇಳಲಿಲ್ಲ.

ಊರಾಚೆ ರಸ್ತೆಯಲ್ಲಿ ಮುಂದೆ ಒಬ್ಬ ಹಳೆಯ ಶಿಷ್ಯ ತೆವಳುತ್ತಿದ್ದ. ಹೆಂಡತಿ ಇಂಡಿಕೇಟರ್ ಹಾಕಿ, ಕನ್ನಡಿ ನೋಡಿ, ಅವನನ್ನು ಹಿಂದಿಕ್ಕಲು ಗಾಡಿಯನ್ನು ಬಲಕ್ಕೆ ತೆಗೆದಳು. ಶಿಷ್ಯ ಮೇಷ್ಟ್ರನ್ನು ನೋಡಿ ಗಾಬರಿಯಿಂದ ಕೈ ಎತ್ತಿದ. ಮೇಷ್ಟ್ರೂ ಒಂದು ಕೈ ಎತ್ತಿದರು, ಮುಖದ ತುಂಬ ನಗು ತಂದುಕೊಂಡರು. ಕೆಳಗೆ ಬಲಗಾಲು ಹೊಸ ಮ್ಯಾಟನ್ನು ಇದ್ದಬದ್ದ ಶಕ್ತಿಯೆಲ್ಲ ಹಾಕಿ ಒತ್ತುತ್ತಿತ್ತು. ಗಾಡಿ ಹೋಗುತ್ತಲೇ ಇತ್ತು.