ಆಸ್ಟಿನ್ನಿನ ರೇಡಿಯೇಟರ್ ಕಾದ ಭಾನುವಾರ

ದೆವ್ವ, ಶಕುನ, ಪವಾಡ ಎಂದು ಯಾರಾದರೂ ಬಾಯಿ ತೆರೆದರೆ ಎದ್ದು ಹೋಗುವವನು ನಾನು. ನಮ್ಮ ಮನೆಗೆ ಬರುವವರಿಗೆಲ್ಲ ನನ್ನ ಈ ಗುಣ ಗೊತ್ತು. ಹಾಗಿದ್ದೂ ಒಂದು ಭಾನುವಾರ ಮಧ್ಯಾಹ್ನ ನಡೆದದ್ದು ಮಾತ್ರ ಇಷ್ಟು ವರ್ಷವಾದರೂ ನನಗೆ ಬಗೆಹರಿದಿಲ್ಲ. ನನ್ನ ಓದು ಬೇರೆ ಶಾಖದ್ದೇ. ಬಿಸಿ ಎಲ್ಲಿಂದ ಎಲ್ಲಿಗೆ ಹೇಗೆ ಹೋಗುತ್ತದೆ ಎಂಬುದರ ಮೇಲೆ ಪಿಎಚ್‌ಡಿ ಮಾಡಿ, ಆಮೇಲೆ ಹ್ಯೂಸ್ಟನ್ನಿನಲ್ಲಿ ಮೂವತ್ತು ವರ್ಷ ಅದರಲ್ಲೇ ಅನ್ನ ತಿಂದವನು. ನೀವು ನಗುವುದಾದರೆ ನಗಿ, ನಿಮಗಿಂತ ಮೊದಲು ನಾನೇ ನಕ್ಕು ನೋಡಿದ್ದೇನೆ.

ಅದು ಅರವತ್ತರ ದಶಕದ ಕೊನೆ. ಆಸ್ಟಿನ್ನಿನಲ್ಲಿ ಪಿಎಚ್‌ಡಿ ಓದುತ್ತಿದ್ದ ನಾನೂ ಶ್ರೀಕಂಠನೂ ಒಂದು ಹಳೆಯ ಮರದ ಮನೆಯನ್ನು ಬಾಡಿಗೆಗೆ ಹಿಡಿದಿದ್ದೆವು. ಮೈಸೂರಿನಲ್ಲಿ ಇಂಜಿನಿಯರಿಂಗ್ ಓದುವಾಗ ಅವನು ಹಾಸ್ಟೆಲಿನಲ್ಲಿ ನನ್ನ ಪಕ್ಕದ ರೂಮಿನವನು, ನನಗೆ ಟೈಫಾಯಿಡ್ ಬಂದಾಗ ಗಂಜಿ ಕುಡಿಸಿದವನು. ಅಮೆರಿಕಕ್ಕೆ ಬಂದ ಮೇಲೂ ಅಡುಗೆ ಅವನದು, ಪಾತ್ರೆ ತೊಳೆಯುವುದು ನನ್ನದು. ತೊಗರಿಬೇಳೆ ಕಣ್ಣಿಗೂ ಕಾಣದ ಆ ಊರಿನಲ್ಲಿ ಒಡೆದ ಬಟಾಣಿಯಲ್ಲೇ ಸಾರು ಮಾಡಿ ಬಡಿಸುತ್ತಿದ್ದ. ಅಣ್ಣತಮ್ಮಂದಿರಾ ಎಂದು ಬೇರೆಯವರು ಕೇಳಿದರೆ ನಾನು ಹೌದು ಎಂದುಬಿಡುತ್ತಿದ್ದೆ.

ಬಿಸಿಲ ನಾಡಾದ ಟೆಕ್ಸಾಸಿನಲ್ಲಿ ಮನೆ ಬೆಚ್ಚಗಿಡುವ ರೇಡಿಯೇಟರ್ ಎಲ್ಲಿಂದ ಬಂತು ಎಂದು ಈಗಿನವರು ಕೇಳಬಹುದು. ಚಿಕಾಗೋ ಕಡೆಯಿಂದ ಬಂದ ಯಾರೋ ಪುಣ್ಯಾತ್ಮ ಕಟ್ಟಿಸಿದ ಮನೆಯಂತೆ ಅದು. ಅಡುಗೆಮನೆಯ ಹಿಂದೆ ತಗ್ಗು ಚಾವಣಿಯ ಒಂದು ಸಣ್ಣ ರೂಮಿನಲ್ಲಿ ಬಾಯ್ಲರ್ ಇತ್ತು. ಅಲ್ಲಿ ಕಾದ ನೀರು ಪೈಪಿನಲ್ಲಿ ಹೊರಟು, ಪ್ರತಿ ರೂಮಿನ ಕಿಟಕಿಯ ಕೆಳಗಿದ್ದ ಕಬ್ಬಿಣದ ರೇಡಿಯೇಟರನ್ನು ಕಾಯಿಸಿ, ಇನ್ನೊಂದು ಪೈಪಿನಲ್ಲಿ ವಾಪಸ್ಸು ಬರುತ್ತಿತ್ತು. ವರ್ಷಕ್ಕೆ ಎರಡು ತಿಂಗಳು ಬೇಕಾಗುತ್ತಿತ್ತು ಅಷ್ಟೆ. ಆದರೆ ಉತ್ತರದ ಗಾಳಿ ಬೀಸಿದ ದಿನ ಅದಿಲ್ಲದೆ ಆ ಮರದ ಮನೆಯಲ್ಲಿ ಕೂರಲು ಆಗುತ್ತಿರಲಿಲ್ಲ.

ಆ ಜನವರಿಯಲ್ಲಿ ನನ್ನ ಹೆಂಡತಿ ಸುಮಿತ್ರ, ನಾಲ್ಕು ತಿಂಗಳ ಮಗಳನ್ನು ಎತ್ತಿಕೊಂಡು ಮೈಸೂರಿನಿಂದ ಬರುವವಳಿದ್ದಳು. ಟಿಕೆಟ್ ಆಗಿತ್ತು. ಮಗುವಿನ ಮುಖವನ್ನು ನಾನು ಫೋಟೋದಲ್ಲಿ ಮಾತ್ರ ನೋಡಿದ್ದೆ. ಶ್ರೀಕಂಠನಿಗೆ ತೊಂದರೆಯಾಗುತ್ತದೇನೋ ಎಂದು ಮೊದಲೇ ಕೇಳಿದೆ. "ನನ್ನನ್ನೇನು ಕೇಳ್ತೀಯೋ? ಮಗು ಬಂದ್ರೆ ಮನೇಗೊಂದು ಕಳೆ" ಎಂದ.

ನವೆಂಬರ್ ಕೊನೆಯಿಂದ ನನ್ನ ರೂಮಿನ ರೇಡಿಯೇಟರ್ ಕಾಯುವುದು ನಿಧಾನವಾಯಿತು. ಶ್ರೀಕಂಠನ ರೂಮಿನದು ಕಾಲು ಗಂಟೆಯಲ್ಲಿ ಕಾಯುತ್ತಿತ್ತು. ನನ್ನದಕ್ಕೆ ಮೊದಲು ಒಂದು ಗಂಟೆ, ಆಮೇಲೆ ಎರಡು, ಡಿಸೆಂಬರ್ ನಡುವಿಗೆ ಬಂದಾಗ ಇಡೀ ದಿನ ಉರಿಸಿದರೂ ಉಗುರುಬೆಚ್ಚಗೆ. ರೇಡಿಯೇಟರ್ ಒಳಗೆ ಗಾಳಿ ಸೇರಿಕೊಂಡರೆ ಹೀಗಾಗುತ್ತದೆ. ಅದರ ಮೇಲ್ತುದಿಯಲ್ಲಿ ಒಂದು ಸಣ್ಣ ತಿರುಪು ಇರುತ್ತದೆ. ಅದನ್ನು ಸಡಿಲಿಸಿದರೆ ಗಾಳಿ ಬುಸ್ಸೆಂದು ಹೋಗಿ, ಹಿಂದೆಯೇ ಬಿಸಿನೀರು ಬರಬೇಕು. ಪ್ರತಿ ಸಂಜೆ ಊಟಕ್ಕೆ ಮೊದಲು ನಾನು ತಿರುಪು ಬಿಚ್ಚುವುದು, ಶ್ರೀಕಂಠ ಮಂಡಿಯೂರಿ ಕೂತು ಕೆಳಗೆ ಬಟ್ಟಲು ಹಿಡಿಯುವುದು. ಗಾಳಿಯೇ ಬರುತ್ತಿರಲಿಲ್ಲ. ಮೊದಲಿನಿಂದಲೂ ನೀರು, ಅದೂ ಕೊರೆಯುವ ನೀರು.

"ಗಾಳಿ ಇನ್ನೂ ಒಳಗಡೆ ಸಿಕ್ಕಾಕ್ಕೊಂಡಿದೆ ಗುರು. ನಾಳೆ ಮತ್ತೆ ಬಿಡೋಣ" ಎನ್ನುತ್ತಿದ್ದ ಶ್ರೀಕಂಠ. ನೀರು ಬಿದ್ದು ಮರಗಟ್ಟಿದ ನನ್ನ ಬೆರಳುಗಳನ್ನು ತನ್ನ ಅಂಗೈಗಳ ನಡುವೆ ಇಟ್ಟು ಉಜ್ಜುತ್ತಿದ್ದ.

ಗಾಳಿಯಿಲ್ಲದೆ ತಣ್ಣೀರು ಬಂದರೆ ದಾರಿಯಲ್ಲಿ ಎಲ್ಲೋ ಏನೋ ಅಡ್ಡ ಬಿದ್ದಿದೆ ಎಂದೇ ಅರ್ಥ. ಮೊದಲ ವರ್ಷದ ಹುಡುಗನಿಗೂ ಹೊಳೆಯಬೇಕು. ನನಗೂ ಹೊಳೆಯಿತು, ಇಲ್ಲವೆಂದಲ್ಲ. "ಬಾಯ್ಲರ್ ಹತ್ರ ಎಲ್ಲಾ ನೋಡಿದೀನಿ, ಸರಿಯಾಗಿದೆ" ಎಂದು ಅವನು ಹೇಳಿದ ಮೇಲೆ ನಾನು ಅತ್ತ ಹೋಗಲಿಲ್ಲ. ಹೋಗದಿರಲು ಇನ್ನೊಂದು ಕಾರಣವೂ ಇತ್ತು. ಶ್ರೀಕಂಠ ದಿನಾ ಸ್ನಾನ ಮಾಡಿ ಸಂಧ್ಯಾವಂದನೆಗೆ ಕೂರುವವನು. ಅವನ ಮಡಿ ಪಂಚೆ ಒಣಗುತ್ತಿದ್ದದ್ದು ಬಾಯ್ಲರ್ ರೂಮಿನ ಗೋಡೆಯ ಪೈಪುಗಳ ಮೇಲೆ. ನನಗೆ ಮಡಿ ಗಿಡಿ ಇಲ್ಲ. ಆದರೆ ಮಡಿಬಟ್ಟೆ ಹರವಿದ ಕಡೆ ಸುಳಿಯಬಾರದೆಂದು ನಮ್ಮಮ್ಮ ಚಿಕ್ಕಂದಿನಲ್ಲಿ ಬಡಿದು ಕಲಿಸಿದ್ದು, ಏಳು ಸಮುದ್ರ ದಾಟಿದರೂ ಹೋಗಿರಲಿಲ್ಲ.

ಕೊನೆಗೆ ಒಂದು ಸಂಜೆ ಶ್ರೀಕಂಠನೇ ಅಂದ: "ಎಳೇ ಕೂಸು ಕಣೋ. ಈ ರೂಮಲ್ಲಿ ಮಲಗಿಸಿ ನ್ಯುಮೋನಿಯಾ ಗಿಮೋನಿಯಾ ಬಂದ್ರೆ ಏನ್ ಮಾಡ್ತೀಯ? ಬೇಸಿಗೆಗೆ ಬರಲಿ ಬಿಡು." ಅವತ್ತೇ ಕೂತು ಪ್ರಯಾಣ ಮುಂದೆ ಹಾಕು ಎಂದು ಸುಮಿತ್ರಳಿಗೆ ಕಾಗದ ಬರೆದೆ. ಅಂಚೆ ಚೀಟಿಯನ್ನು ಶ್ರೀಕಂಠನೇ ಅಂಟಿಸಿದ.

ಜನವರಿಯ ಎರಡನೇ ವಾರ ಅವಳ ಉತ್ತರ ಬಂತು. ಅಪ್ಪ ಟಿಕೆಟ್ ವಾಪಸ್ಸು ಮಾಡಿದರು, ಇನ್ನು ಜೂನಿಗೇ, ಮಗು ಮಗ್ಗುಲಾಗುತ್ತಿದೆ, ನೀವು ನೋಡಬೇಕಿತ್ತು ಎಂದು ಬರೆದಿದ್ದಳು. ಅದಾದ ಭಾನುವಾರ ಶ್ರೀಕಂಠ ಡಾಲಸ್ಸಿನಲ್ಲಿ ನಮ್ಮ ಕಡೆಯ ಡಾಕ್ಟರೊಬ್ಬರ ಮನೆಯ ಸತ್ಯನಾರಾಯಣ ಪೂಜೆಗೆಂದು ಬೆಳಗಿನ ಬಸ್ಸಿಗೆ ಹೋಗಿದ್ದ. ಹೆಪ್ಪು ಹಾಕಿದ ಹಾಲಿನ ಪಾತ್ರೆಯನ್ನು ಯಾವಾಗಲೂ ಇಡುತ್ತಿದ್ದದ್ದು ಅವನ ರೂಮಿನ ರೇಡಿಯೇಟರ್ ಮೇಲೆ. ಅವತ್ತು ರೂಮಿಗೆ ಬೀಗ ಹಾಕಿದ್ದ. ಬೇರೆ ದಾರಿಯಿಲ್ಲದೆ ನನ್ನದರ ಮೇಲೆ ಇಟ್ಟೆ. ತಣ್ಣಗಿತ್ತು.

ಮಧ್ಯಾಹ್ನ ಎರಡರ ಹೊತ್ತಿಗೆ ಸ್ವೆಟರ್ ಮೇಲೆ ಕೋಟು ಹಾಕಿಕೊಂಡು ಅವಳ ಕಾಗದವನ್ನು ಇನ್ನೊಮ್ಮೆ ಓದುತ್ತಿದ್ದೆ. ರೇಡಿಯೇಟರಿನಿಂದ ಟಕ್ ಟಕ್ ಎಂದು ಸದ್ದು ಬಂತು, ತಣ್ಣನೆಯ ಕಬ್ಬಿಣ ಕಾಯುವಾಗ ಬರುವ ಸದ್ದು. ಕೈ ಇಟ್ಟೆ, ಸುಟ್ಟಿತು. ಹತ್ತು ನಿಮಿಷದಲ್ಲಿ ಕೋಟು ಬಿಚ್ಚಿದೆ, ಇನ್ನು ಹತ್ತು ನಿಮಿಷಕ್ಕೆ ಸ್ವೆಟರನ್ನೂ ಬಿಚ್ಚಿದೆ. ತಿರುಪು ಸಡಿಲಿಸಿದರೆ ಕುದಿಯುವ ನೀರು ಬೆರಳಿನ ಮೇಲೆ ಬಿದ್ದು ಬೊಬ್ಬೆ ಎದ್ದಿತು. ನನಗೆ ಸಂತೋಷ ತಡೆಯಲಾಗಲಿಲ್ಲ. ಅದು ಹೇಗೆ ಸರಿಹೋಯಿತೆಂದು ನೋಡಲು ಬಾಯ್ಲರ್ ರೂಮಿಗೆ ಓಡಿದೆ.

ಪೈಪುಗಳ ಮೇಲೆ ಪಂಚೆ ಹರವಿತ್ತು. ಪೊರಕೆಯ ಕೋಲಿನಿಂದ, ಕೈ ತಾಗದಂತೆ, ಅದನ್ನು ಎತ್ತಿದೆ. ಅದರ ಹಿಂದೆ ನನ್ನ ರೂಮಿಗೆ ಹೋಗುವ ಪೈಪಿನ ವಾಲ್ವು ಇತ್ತು. ಪೂರ್ತಿ ಮುಚ್ಚಿತ್ತು. ಯಾರೂ ಸುಲಭಕ್ಕೆ ತಿರುಗಿಸದಂತೆ ಅದರ ಹಿಡಿಗೆ ತಂತಿ ಸುತ್ತಿತ್ತು.

ವಾಲ್ವಿನಿಂದ ಆಚೆಯ ಪೈಪು ಮುಟ್ಟಿದೆ, ಮಂಜುಗಡ್ಡೆ. ನೀರು ಹಿಂದುಮುಂದಾಗಿ ಬರುತ್ತಿರಬಹುದೇ ಎಂದು ವಾಪಸ್ಸು ಬರುವ ಪೈಪನ್ನೂ ಮುಟ್ಟಿದೆ. ಅದೂ ತಣ್ಣಗಿತ್ತು. ರೂಮಿಗೆ ಬಂದು ನೋಡಿದರೆ ರೇಡಿಯೇಟರ್ ಮಾತ್ರ ನಿಗಿನಿಗಿ ಕಾದಿತ್ತು. ಮೂರು ಸಲ ಅತ್ತಿಂದಿತ್ತ ತಿರುಗಿದೆ. ಮೂರನೇ ಸಲಕ್ಕೆ ಹಾಸಿಗೆಯ ಮೇಲೆ ಕೂತುಬಿಟ್ಟೆ. ಭಯ ಒಂದು ಕಡೆ. ಅದಕ್ಕಿಂತ ಹೆಚ್ಚಾಗಿ, ಶ್ರೀಕಂಠ ನಂಬಿಸಿ ಕತ್ತು ಕೊಯ್ದನಲ್ಲ ಎಂಬ ಸಿಟ್ಟು.

ಏಳು ಗಂಟೆಗೆ ಶ್ರೀಕಂಠ ಪ್ರಸಾದದ ಪೊಟ್ಟಣ ಹಿಡಿದು ಬಂದ. ಅಷ್ಟು ಹೊತ್ತಿಗೆ ರೇಡಿಯೇಟರ್ ಮತ್ತೆ ಮೊದಲಿನಂತೆ ತಣ್ಣಗಾಗಿತ್ತು. ವಾಲ್ವು ಮುಚ್ಚಿದವರು ಯಾರೆಂದು ಕೇಳಿದೆ. ಅವನು ಶೂ ಬಿಚ್ಚುವುದನ್ನು ಅರ್ಧಕ್ಕೇ ನಿಲ್ಲಿಸಿದ.

"ನಾನೇ. ದಿನಾ ಸ್ವಲ್ಪ ಸ್ವಲ್ಪ ತಿರುಗಿಸ್ತಾ ಬಂದೆ" ಎಂದ. "ಏಪ್ರಿಲ್‌ಗೆ ನನ್ನ ಕ್ವಾಲಿಫೈಯಿಂಗ್ ಪರೀಕ್ಷೆ. ಹೋದ ಸಲ ಫೇಲ್ ಆದೆ, ಇನ್ನೊಂದ್ ಸಲ ಆದ್ರೆ ಪಿಎಚ್‌ಡಿ ಅಲ್ಲಿಗೇ ಮುಗೀತು. ಮಗು ಅತ್ರೆ ಓದೋಕಾಗಲ್ಲ ಅಂತ ಹೆದರಿಕೆ ಆಯ್ತು. ಬೇಡ ಅನ್ನೋಕೆ ಬಾಯಿ ಬರಲಿಲ್ಲ ಕಣೋ."

ಬಾಯಿ ಬಿಟ್ಟು ಹೇಳಿದ್ದರೆ ಬೇರೆ ಮನೆ ನೋಡಿಕೊಳ್ಳುತ್ತಿದ್ದೆ. ಅಷ್ಟೇ ಮಾತು. ಅದನ್ನೇ ಅವನಿಗೆ ಹೇಳಿ, ರೇಡಿಯೇಟರ್ ಮೇಲಿದ್ದ ಪಾತ್ರೆಯನ್ನು ಅವನ ಮುಂದಿಟ್ಟೆ. ಮೊಸರು ಗಟ್ಟಿಯಾಗಿ ಹೆಪ್ಪುಗಟ್ಟಿತ್ತು. ಮಧ್ಯಾಹ್ನ ರೇಡಿಯೇಟರ್ ಕಾದದ್ದನ್ನು ಹೇಳಿ, ನನ್ನ ಬೆರಳಿನ ಬೊಬ್ಬೆಯನ್ನೂ ತೋರಿಸಿದೆ. ಅವನು ಬಾಯ್ಲರ್ ರೂಮಿಗೆ ಹೋಗಿ, ಬಂದು, ಪಾತ್ರೆಯನ್ನೇ ನೋಡುತ್ತಾ ನಿಂತ.

"ತಂತಿ ನಾನು ಸುತ್ತಿದ ಹಾಗೇ ಇದೆಯಲ್ಲೋ. ಹೇಗೆ ಕಾಯ್ತು?" ಎಂದ.

ಮುಂದಿನ ವಾರವೇ ನಾನು ಬೇರೆ ಮನೆಗೆ ಹೋದೆ. ಆಮೇಲೆ ನಾವು ಮಾತಾಡಲಿಲ್ಲ. ಜೂನಿನಲ್ಲಿ ಸುಮಿತ್ರ ಬಂದಳು. ಏರ್‌ಪೋರ್ಟಿನಲ್ಲಿ ನಾನು ಕೈ ಚಾಚಿದಾಗ ಒಂಬತ್ತು ತಿಂಗಳ ಮಗಳು ಕಿಟಾರನೆ ಕಿರುಚಿ ತಾಯಿಯ ಕೊರಳಲ್ಲಿ ಮುಖ ಹುದುಗಿಸಿದಳು. ನನ್ನ ಹತ್ತಿರ ಬರಲು ಅವಳಿಗೆ ಎರಡು ವಾರ ಹಿಡಿಯಿತು.

ಆ ಮಗಳು ಈಗ ಹ್ಯೂಸ್ಟನ್ ಪಕ್ಕದ ಕೇಟಿ ಎಂಬ ಊರಿನಲ್ಲಿ ಇಂಜಿನಿಯರ್. ಈ ಕಥೆ ಹೇಳಿದಾಗಲೆಲ್ಲ "ವಾಲ್ವ್ ಲೀಕ್ ಆಗಿರ್ಬೇಕು, ಡ್ಯಾಡ್" ಎಂಬಷ್ಟನ್ನು ಇಂಗ್ಲಿಷಿನಲ್ಲಿ ಹೇಳಿ ಮುಗಿಸುತ್ತಾಳೆ. ಲೀಕ್ ಆಗಿದ್ದರೆ ಪೈಪು ಬಿಸಿಯಿರಬೇಕಿತ್ತಲ್ಲ ಎಂದರೆ ಭುಜ ಕುಣಿಸುತ್ತಾಳೆ. ನಾನೂ ಒಂದು ಹಾಳೆಯಲ್ಲಿ ಇರಬಹುದಾದ ಕಾರಣಗಳನ್ನೆಲ್ಲ ಬರೆದು ಒಂದೊಂದನ್ನೇ ಹೊಡೆದುಹಾಕುತ್ತಾ ಬಂದಿದ್ದೇನೆ. ಈಗ ಅದರಲ್ಲಿ ಏನೂ ಉಳಿದಿಲ್ಲ.

ರೇಡಿಯೇಟರ್ ಹೇಗೆ ಕಾಯಿತೆಂಬುದು ತಿಳಿಯದೆ ಹೋದರೂ ಹೋಗಲಿ ಎನಿಸುತ್ತದೆ ಒಮ್ಮೊಮ್ಮೆ. ಬರುವುದು ಬರೀ ತಣ್ಣೀರೆಂದು ಶ್ರೀಕಂಠನಿಗೆ ಗೊತ್ತಿತ್ತು. ಆದರೂ ಪ್ರತಿ ಸಂಜೆ ಮಂಡಿಯೂರಿ ಬಟ್ಟಲು ಹಿಡಿದ, ಆಮೇಲೆ ನನ್ನ ಬೆರಳುಗಳನ್ನು ತನ್ನ ಅಂಗೈಗಳ ನಡುವೆ ಇಟ್ಟು ಉಜ್ಜಿದ. ಇದನ್ನು ನಾನು ಯಾವ ಹಾಳೆಯಲ್ಲಿ ಬರೆಯಲಿ? ಆ ಕೈಗಳು ನಿಜವಾಗಿಯೂ ಬೆಚ್ಚಗಿದ್ದವು.