ಯಾವ ಲೈನಲ್ಲಿ ಹೋಯ್ತು?

"ನೀನು ಡಿಗ್ರಿ ತಗೊಳೋದು ಈ ಜನ್ಮದಲ್ಲಿ ಆಗದ ಮಾತು ಕಣಮ್ಮ" ಎಂದವರು ನಮ್ಮ ಕಂಪ್ಯೂಟರ್ ಲ್ಯಾಬಿನ ಆರ್ಮುಗಂ ಸರ್. ಬೇರೆಯವರೂ ಅಂದಿದ್ದರು, ಆದರೆ ಬೆನ್ನ ಹಿಂದೆ. ಎದುರಿಗೇ ಹೇಳುವ ಸೌಜನ್ಯ ಇದ್ದದ್ದು ಇವರೊಬ್ಬರಿಗೆ.

ಭದ್ರಾವತಿಯ ಕಾರ್ಖಾನೆಯೊಂದರ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ದುಡಿದು, ಅದು ಮುಚ್ಚಿದ ಮೇಲೆ ಶಿವಮೊಗ್ಗದ ನಮ್ಮ ಕಾಲೇಜಿಗೆ ಬಂದವರು. ಕಿವಿಸಂದಿಯಲ್ಲಿ ಸದಾ ಒಂದು ಪೆನ್ಸಿಲು. ಯಾರಾದರೂ "ನೆಟ್ ಪ್ರಾಬ್ಲಮ್ ಸರ್" ಎಂದರೆ ಕಿಟಕಿಗೆ ಹೋಗಿ, ರಸ್ತೆಯ ಎರಡೂ ಕಡೆ ನೋಡಿ, "ಎಲ್ಲಿ? ನನಗೆ ಕಾಣ್ತಾ ಇಲ್ಲ" ಎನ್ನುತ್ತಿದ್ದರು. ಎಂಟೆಕ್ ಮಾಡಿದ ಲೆಕ್ಚರರುಗಳಿಗೂ ಇದೇ ಮರ್ಯಾದೆ.

ನನ್ನ ಪ್ರಾಜೆಕ್ಟು, ಭದ್ರಾವತಿ ಬಸ್ಸಿನ ವೇಳೆಯನ್ನು ಸರ್ವರಿನಿಂದ ಕೇಳಿ ತೋರಿಸುವ ಪ್ರೋಗ್ರಾಮು. ವೈವಾದಲ್ಲಿ ಒಮ್ಮೆ ಫೇಲಾಗಿದ್ದೆ. ಇದು ಕೊನೆಯ ಅವಕಾಶ. ಶಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡಿ ಓದಿಸಿದ ಅಮ್ಮನಿಗೆ ಎರಡನೇ ಸಲ ಫೇಲೆಂದು ಹೇಳುವ ಧೈರ್ಯ ನನಗಿರಲಿಲ್ಲ. ಪ್ರೋಗ್ರಾಮಿಗೋ ಒಂದು ಚಾಳಿ: ಬೆಳಗಿನಿಂದ ನೆಟ್ಟಗೆ ನಡೆದು, ನಾನು ಟೀ ಕುಡಿದು ಬಂದ ಮೇಲಿನ ಮೊದಲ ರಿಕ್ವೆಸ್ಟಿಗೆ ಕೈಕೊಡುತ್ತಿತ್ತು.

"ರಿಕ್ವೆಸ್ಟ್ ಹೋಗಿದೆ ಸರ್, ಉತ್ತರ ಬರ್ತಿಲ್ಲ."

"ಯಾವ ಲೈನಲ್ಲಿ ಹೋಯ್ತು?"

"ನೆಟ್ಟಲ್ಲಿ ಸರ್."

"ಓಹೋ. ನಾನು ಪೋಸ್ಟಲ್ಲಿ ಹೋಗಿರಬೇಕು ಅಂದ್ಕೊಂಡಿದ್ದೆ."

ತೆರೆದ ಒಂದೊಂದು ಸಂಪರ್ಕಕ್ಕೂ ನಮ್ಮ ಕಡೆ ಒಂದು ಪೋರ್ಟ್ ನಂಬರ್ ಇರುತ್ತದೆ; ಸಂಪರ್ಕ ಹೊಸದಾದರೆ ನಂಬರೂ ಹೊಸದು. ಪ್ರತಿ ರಿಕ್ವೆಸ್ಟಿನ ಪಕ್ಕ ಅದನ್ನು ಬರೆಯುವಂತೆ ಪ್ರೋಗ್ರಾಮನ್ನು ತಿದ್ದಿಸಿದರು. ಎರಡು ದಿನದ ಪಟ್ಟಿ ತೋರಿಸಿದೆ. ಟೀಗೆ ಮುಂಚಿನ ನಂಬರೂ, ಟೀ ಆದ ಮೇಲೆ ಕೆಟ್ಟ ರಿಕ್ವೆಸ್ಟಿನ ನಂಬರೂ ಒಂದೇ. ಸರ್ ಪೆನ್ಸಿಲು ತೆಗೆದು ಎರಡಕ್ಕೂ ಸುತ್ತು ಹಾಕಿದರು.

"ನೀನು ಟೀಗೆ ಹೋದೆ. ಆ ಕಡೆಯವನು ಕಾದೂ ಕಾದೂ ಫೋನ್ ಇಟ್ಟುಬಿಟ್ಟ. ನೀನು ಬಂದು ಅದೇ ಸತ್ತ ಲೈನಲ್ಲಿ ಹಲೋ ಹಲೋ ಅಂತಿದೀಯ ಮಾರಾಯ್ತಿ."

ಸುಮ್ಮನೆ ಬಿದ್ದಿರುವ ಸಂಪರ್ಕವನ್ನು ಸರ್ವರಿಗಿಂತ ಮೊದಲು ನಾವೇ ಮುಚ್ಚಿ, ಮುಂದಿನ ರಿಕ್ವೆಸ್ಟಿಗೆ ಹೊಸದನ್ನು ತೆರೆಯುವಂತೆ ತಿದ್ದಿದೆ.

ವೈವಾದ ದಿನ ಪರೀಕ್ಷಕರು ಊಟ ಮುಗಿಸಿ ರಾಜಗಾಂಭೀರ್ಯದಲ್ಲಿ ಬಂದರು. ಅಷ್ಟು ಹೊತ್ತೂ ಪ್ರೋಗ್ರಾಮು ಖಾಲಿ ಕೂತಿತ್ತು. ಬಟನ್ ಒತ್ತಿದೆ. ಬಸ್ಸಿನ ವೇಳೆ ಬಂತು, ಪಕ್ಕದಲ್ಲಿ ಹೊಸ ನಂಬರು.

"ಇದು ಹೊಸ ಸಂಪರ್ಕ ಅಂತ ಹೇಗೆ ಹೇಳ್ತೀರಿ?" ಎಂದರು. ಪಟ್ಟಿ ಮುಂದಿಟ್ಟು ಒಂದೊಂದೇ ಸಾಲು ವಿವರಿಸಿದೆ. ಅವರ ಹಿಂದೆ ಕೇಬಲ್ ಸುತ್ತುತ್ತಿದ್ದ ಸರ್ ತಲೆ ಎತ್ತಲೇ ಇಲ್ಲ; ಕೈ ಮಾತ್ರ ನಿಂತಿತ್ತು. ಪಾಸಾದೆ.

ಅವರು ನಿವೃತ್ತರಾಗುವ ವಾರ, ಕಚೇರಿಯಲ್ಲಿ ಜನವಿಲ್ಲವೆಂದು ಪದವಿ ಪತ್ರ ಹಂಚುವ ಕೆಲಸ ಅವರ ತಲೆಗೇ ಬಿದ್ದಿತ್ತು. ಅಮ್ಮನನ್ನು ಕರೆದುಕೊಂಡು ಹೋದೆ. ನಮ್ಮ ವಂಶದಲ್ಲಿ ಇದೇ ಮೊದಲ ಪದವಿ. ಸರ್ ಪತ್ರವನ್ನು ನನ್ನ ಕೈಗಿಟ್ಟು, "ಹೆಸರು ಸರಿಯಾಗಿ ನೋಡ್ಕೊ, ಬೇರೆಯವರದ್ದೇನಾದ್ರೂ ಬಂದಿರಬಹುದು" ಎಂದರು.

ಅಮ್ಮ ಸೆರಗು ಸರಿಮಾಡಿಕೊಂಡು ಹೇಳಿದಳು: "ನೀವು ಬೈದಿದ್ದನ್ನೆಲ್ಲ ಇವಳು ದಿನಾ ಊಟಕ್ಕೆ ಕೂತಾಗ ಹೇಳೋಳು ಸರ್. ನಮಗೆ ಅದೇ ಉಪ್ಪಿನಕಾಯಿ ಆಗಿತ್ತು. ಇನ್ಮೇಲೆ ಸಪ್ಪೆ ಊಟನೇ."