ಸತ್ವವಿಲ್ಲದ ಮಣ್ಣು

ಕಲ್ಲೋಳಿಯಲ್ಲಿ ನಮ್ಮ ಬಾಜೂ ಮನೆಯ ಮಾಸ್ತರು ಹುಳ ತಿನ್ನುವ ಹೂಜಿ ಗಿಡ ಸಾಕಿದ್ದರು. ಗೇಣು ಆಳದ ಕುಂಡದಲ್ಲಿ ಬರೀ ತೆಂಗಿನ ನಾರಿನ ಪುಡಿ, ತೊಳೆದ ಉಸುಕು. "ಇದಕ್ಕ ಸತ್ವ ಇಲ್ಲದ ಮಣ್ಣ ಆಗಬೇಕ್ರಿ, ಅಕ್ಕಾರ," ಅನ್ನುತ್ತಿದ್ದರು ಯಾವಾಗಲೂ, ಕುರ್ಚಿಗೆ ಒರಗಿ, ಕಣ್ಣು ಮುಚ್ಚಿಕೊಂಡೇ.

ಹೆಂಡತಿಯನ್ನು ಗೋಕಾಕದ ದವಾಖಾನೆಗೆ ಸೇರಿಸಿದಾಗ ಗಿಡಕ್ಕೆ ಮಳೆನೀರು ಹಾಕುವ ಕೆಲಸ ನನಗೆ ಒಪ್ಪಿಸಿದರು. ನಾವು ಕುರಿ ಸಾಕಿದವರು. ಗಿಡದ ಉಪವಾಸ ನೋಡಲಾಗದೆ ಎರಡು ಬೊಗಸೆ ಕುರಿಗೊಬ್ಬರ ಹಾಕಿಬಿಟ್ಟೆ. ಅವರು ಬರುವಷ್ಟರಲ್ಲಿ ಹೂಜಿಯಂಥ ಎಲೆಗಳೆಲ್ಲ ಕಪ್ಪಾಗಿದ್ದವು.

ಮಾಸ್ತರು ಬೈಯಲಿಲ್ಲ. ಕುಂಡ ಬೋರಲು ಹಾಕಿ, ಬೇರು ತೊಳೆದು, ಹೊಸ ಉಸುಕಿನಲ್ಲಿ ನೆಟ್ಟರು. ನಡುವೆ ಎರಡು ಸಲ ಕೂತು ದಣಿವಾರಿಸಿಕೊಂಡರು.

ಮರುದಿನ ಮತ್ತೆ ದವಾಖಾನೆಗೆ ಹೊರಟಾಗ ಅದೇ ಕುಂಡವನ್ನು ತಂದು ನಮ್ಮ ಕಟ್ಟೆಯ ಮೇಲೆ ಇಟ್ಟರು.

"ಬರೇ ನೀರ ಹಾಕ್ರಿ, ಅಕ್ಕಾರ."